ಅಣ್ಣನಿಗಿಲ್ಲದ ಬೆನ್ನು ನೋವು

ನಮ್ಮಣ್ಣನಿಗೆ ಬೆನ್ನು ನೋವು ಎಂದು ಚನ್ನರಾಯಪಟ್ಟಣದಲ್ಲೆಲ್ಲ ಸುದ್ದಿ ಹಬ್ಬಿಸಿದವರು ನಮ್ಮತ್ತಿಗೆ. ಅಣ್ಣನ ಬೆನ್ನಿಗೆ ಏನೂ ಆಗಿರಲಿಲ್ಲ. ಚಿಕ್ಕಂದಿನಲ್ಲಿ ಅಪ್ಪನಿಂದ ಬಿದ್ದ ಏಟುಗಳನ್ನು ಬಿಟ್ಟರೆ ಆ ಬೆನ್ನು ಇವತ್ತಿಗೂ ಸುಖವಾಗಿಯೇ ಇದೆ. ಕೆಟ್ಟಿದ್ದು ಅವನ ಮನಸ್ಸಿನ ಆರೋಗ್ಯ. ಆದರೆ ಹಾಸನದ ಮನೋವೈದ್ಯರನ್ನು ಮೊದಲ ಸಲ ಕಂಡು ಬಸ್ಸಿನಲ್ಲಿ ವಾಪಸಾಗುವಾಗ, ಹಿಂದಿನ ಸೀಟಿನಲ್ಲಿ ಕೂತಿದ್ದ ಎದುರುಮನೆಯಾಕೆ, "ಏನು, ಇಬ್ರೂ ಹಾಸನಕ್ಕೆ ಬಂದ್ಬುಟ್ಟಿದೀರಲ್ಲ?" ಎಂದು ಕೇಳಿದಳಂತೆ. ಅತ್ತಿಗೆಯ ಬಾಯಿಗೆ ಮೊದಲು ಸಿಕ್ಕಿದ್ದು ಬೆನ್ನು. "ಇವ್ರಿಗೆ ಬೆನ್ನು ನೋವು ಕಣಕ್ಕ, ಕೂರಕ್ಕೇ ಆಗಲ್ಲ" ಎಂದುಬಿಟ್ಟರು. ಅಣ್ಣ ಆಗ ಕಿಟಕಿಯ ಪಕ್ಕ ನೆಟ್ಟಗೆ ಕೂತೇ ಇದ್ದ.

ಅಣ್ಣ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವನು. ಊರಿನ ವಕೀಲರು, ಹಲ್ಲಿನ ಡಾಕ್ಟರು, ಕೊಬ್ಬರಿ ವ್ಯಾಪಾರಿಗಳು, ಅವರ ಮನೆಯ ಹೆಂಗಸರು, ಎಲ್ಲರೂ ಅವನ ಪಕ್ಕದ ಸೀಟಿನಲ್ಲಿ ಬೆವರಿದವರೇ. ಅವನು ಪ್ರಸಿದ್ಧನಾಗಿದ್ದು ಕಲಿಸುವುದಕ್ಕಿಂತ ಹೆಚ್ಚಾಗಿ ಬೈಯುವುದರಲ್ಲಿ. "ಕ್ಲಚ್ ಮೇಲೆ ಯಾಕ್ರೀ ನಿಂತಿದೀರಾ, ಅದೇನು ನಿಮ್ಮನೆ ಹೊಸ್ತಿಲಾ?" ಎನ್ನುತ್ತಿದ್ದ. "ಸ್ಟೀರಿಂಗ್ ಇಡ್ಕೊಂಡಿದೀರೋ, ಸಂತೇಲಿ ಕೋಳಿ ಇಡ್ಕೊಂಡಿದೀರೋ?" ಎನ್ನುತ್ತಿದ್ದ. ಕಾರಿನಿಂದ ಇಳಿದರೆ ಸೊಳ್ಳೆಗೂ ಗದರದ ಮನುಷ್ಯ. ಅದು ಎಲ್ಲರಿಗೂ ಗೊತ್ತಿದ್ದರಿಂದ ಯಾರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಮದುವೆ ಮನೆಗಳಲ್ಲಿ ಅವನ ಹಳೇ ಶಿಷ್ಯರು ಸೇರಿದರೆ ತಮಗೆ ಬಿದ್ದ ಬೈಗುಳಗಳನ್ನು ಬಹುಮಾನಗಳ ಹಾಗೆ ಹೇಳಿಕೊಳ್ಳುತ್ತಿದ್ದರು.

ಹೀಗಿದ್ದವನಿಗೆ ಒಂದು ಬೆಳಿಗ್ಗೆ ಶ್ರವಣಬೆಳಗೊಳದ ರಸ್ತೆಯಲ್ಲಿ ಪಾಠ ಮಾಡುತ್ತಿರುವಾಗ ಎದೆ ಹೊಡೆದುಕೊಳ್ಳತೊಡಗಿತು. ಉಸಿರು ಸಿಗಲಿಲ್ಲ. ಕೈಬೆರಳು ತಣ್ಣಗಾದವು. ಸತ್ತೇ ಹೋಗುತ್ತೇನೆ ಅನ್ನಿಸಿ ಕಾರು ನಿಲ್ಲಿಸಲು ಹೇಳಿ, ಇಳಿದು ಮರದಡಿ ಕೂತುಬಿಟ್ಟ. ಕಲಿಯುತ್ತಿದ್ದವರು ಬೆಳಗೊಳದ ಒಬ್ಬ ಅಂಗಡಿಯವರು. ಅವರಿಗೆ ಕಾರು ನಿಲ್ಲಿಸುವುದನ್ನು ಅವತ್ತಷ್ಟೇ ಕಲಿಸಿದ್ದ, ಪುಣ್ಯಕ್ಕೆ. ಅವರು ಫೋನ್ ಮಾಡಿ ಸ್ಕೂಲಿನ ಓನರ್‌ನನ್ನು ಕರೆಸಿದರು. ಆಸ್ಪತ್ರೆಯಲ್ಲಿ ಎದೆಯ ಪರೀಕ್ಷೆಗಳೆಲ್ಲ ಆದವು. ಹೃದಯ ಗಟ್ಟಿಯಾಗಿತ್ತು. ಹಾಗಾದರೆ ಗ್ಯಾಸು ಎಂದು ನೆಂಟರೆಲ್ಲ ಸೇರಿ ತೀರ್ಮಾನ ಮಾಡಿದೆವು. ಜೀರಿಗೆ ನೀರು, ಓಮದ ನೀರು, ಶುಂಠಿ ಕಷಾಯ ಕುಡಿದು ಕುಡಿದು ಅವನಿಗೆ ನಿಜವಾಗಿಯೂ ಹೊಟ್ಟೆ ಕೆಟ್ಟಿತು. ಎದೆ ಹೊಡೆದುಕೊಳ್ಳುವುದು ಮಾತ್ರ ನಿಲ್ಲಲಿಲ್ಲ. ಅಂಗಡಿಯಲ್ಲಿ ಒಮ್ಮೆ, ಬಚ್ಚಲಲ್ಲಿ ಒಮ್ಮೆ, ಸುಮ್ಮನೆ ಟೀವಿ ನೋಡುತ್ತ ಒಮ್ಮೆ. ಆಮೇಲೆ ಅವನು ಕಾರಿನ ಹತ್ತಿರ ಹೋಗುವುದನ್ನು ಬಿಟ್ಟ, ಆಮೇಲೆ ಬೀದಿಗೆ ಇಳಿಯುವುದನ್ನು, ಆಮೇಲೆ ಗಡ್ಡ ಹೆರೆಯುವುದನ್ನು. ಮಾತೂ ನಿಂತಿತು. "ನಾನಿದ್ರೂ ಅಷ್ಟೇ, ಇಲ್ದಿದ್ರೂ ಅಷ್ಟೇ" ಎಂದು ಒಂದು ದಿನ ಗೋಡೆ ನೋಡಿಕೊಂಡು ಹೇಳಿದನಂತೆ. ಅತ್ತಿಗೆ ಆ ಗಳಿಗೆಯಲ್ಲೇ ಒಲೆ ಆರಿಸಿ, ಸೀರೆ ಬದಲಾಯಿಸಿ, ಅವನ ಕೈಹಿಡಿದು ಹಾಸನದ ಬಸ್ಸು ಹತ್ತಿಸಿದರು.

ಆ ಡಾಕ್ಟರು ಒಬ್ಬ ಹೆಂಗಸು. ಹೆಚ್ಚು ಮಾತಿಲ್ಲ. "ಇದು ಕಾಯಿಲೆ. ಸೋಮಾರಿತನವೂ ಅಲ್ಲ, ಗ್ಯಾಸೂ ಅಲ್ಲ. ವಾಸಿಯಾಗುತ್ತೆ. ನಿಧಾನವಾಗಿ" ಎಂದರಂತೆ. ಅಷ್ಟು ಹೇಳಿದ್ದಕ್ಕೇ ಅಣ್ಣ ಅಲ್ಲಿ ಮಗುವಿನ ಹಾಗೆ ಅತ್ತನೆಂದು ಅತ್ತಿಗೆ ನನಗೆ ಹೇಳಿದರು. ಮಿಕ್ಕವರಿಗೆ ಹೇಳಿದ್ದು ಬೆನ್ನು.

ಬೆನ್ನು ನೋವು ಎಂದರೆ ನಮ್ಮ ಕಡೆ ಇಷ್ಟೊಂದು ಕಾಳಜಿ ಇದೆಯೆಂದು ಅತ್ತಿಗೆಗೆ ಗೊತ್ತಿದ್ದರೆ ಬೇರೆ ಅಂಗವನ್ನು ಆರಿಸಿಕೊಳ್ಳುತ್ತಿದ್ದರು. ಅರಕಲಗೂಡಿನಿಂದ ನಮ್ಮ ಚಿಕ್ಕಪ್ಪ ತಾವೇ ಕಾಯಿಸಿದ ಎಣ್ಣೆಯನ್ನು ದೊಡ್ಡ ಸೀಸೆಯಲ್ಲಿ ತಂದುಕೊಟ್ಟು ಹೋದರು. ಅದರ ವಾಸನೆಗೆ ಮನೆಯ ಬೆಕ್ಕು ಎರಡು ದಿನ ಹಿತ್ತಿಲಲ್ಲೇ ಮಲಗಿತು. ಪಕ್ಕದ ಮನೆಯ ನಿವೃತ್ತ ಪೋಸ್ಟ್ ಮಾಸ್ಟರು, ಮೆತ್ತನೆ ಹಾಸಿಗೆ ಬೆನ್ನಿಗೆ ಶತ್ರು ಎಂದು, ಅಣ್ಣ ಎದ್ದು ಬಚ್ಚಲಿಗೆ ಹೋಗಿದ್ದಾಗ ಹಾಸಿಗೆಯನ್ನೇ ಸುತ್ತಿ ಅಟ್ಟಕ್ಕೆ ಹಾಕಿದರು. ನಿದ್ದೆ ಬರದ ಕಾಯಿಲೆಯ ಮನುಷ್ಯ ಮೂರು ವಾರ ಹಲಗೆಯ ಮೇಲೆ ಮಲಗಿದ. ಬಂದವರ ಎದುರು ಕುರ್ಚಿಯಿಂದ ಏಳುವಾಗ "ಅಮ್ಮಾ" ಅನ್ನಬೇಕು ಎಂದು ಅತ್ತಿಗೆ ಹೇಳಿಕೊಟ್ಟಿದ್ದರು. ಅವನಿಗೆ ನೆನಪಿರುತ್ತಿರಲಿಲ್ಲ. ಒಂದು ದಿನ ಎದುರುಮನೆಯಾಕೆ ನೋಡುತ್ತಿದ್ದಂತೆಯೇ ತುಂಬಿದ ಗ್ಯಾಸ್ ಸಿಲಿಂಡರನ್ನು ಎತ್ತಿಕೊಂಡು ಅಡುಗೆಮನೆಗೆ ಹೋಗಿಬಿಟ್ಟ. ಆಕೆ ಬಾಯಿ ಬಿಟ್ಟುಕೊಂಡು ನಿಂತಳು. "ಎಣ್ಣೆ ಗುಣ ಕಣಕ್ಕ" ಎಂದರು ಅತ್ತಿಗೆ. ಮಾರನೆಯ ದಿನ ಆಕೆ ತನ್ನ ಅತ್ತೆಗೆ ಬೇಕೆಂದು ಲೋಟ ಹಿಡಿದು ಬಂದಳು.

ಮಾತ್ರೆಗಳು ನಿಧಾನವಾಗಿ ಕೆಲಸ ಮಾಡಿದವು. ನಿದ್ದೆ ಬಂತು, ಗಡ್ಡ ಹೋಯಿತು. ಇಡ್ಲಿಗೆ ಉಪ್ಪು ಕಮ್ಮಿ ಎಂದು ಒಂದು ಬೆಳಿಗ್ಗೆ ತಾನಾಗಿ ಹೇಳಿದ. ಅತ್ತಿಗೆ ಸಂತೋಷದಿಂದ ನನಗೆ ಫೋನ್ ಮಾಡಿ, "ಉಪ್ಪು ಕಮ್ಮಿ ಅಂದ್ರು ಕಣಮ್ಮ!" ಎಂದು ಕೂಗಿದರು. ಆಗ ಡಾಕ್ಟರು ಕೆಲಸದ ಮಾತೆತ್ತಿದರು. ಒಮ್ಮೆಗೇ ಬೇಡ, ಮೊದಲು ಬೆಳಗಿನ ಹೊತ್ತು ಸ್ವಲ್ಪ, ಮೈದಾನದಲ್ಲಿ, ಗೊತ್ತಿರುವವರ ಜೊತೆ. ಭಯ ಬಂದರೆ ಓಡಿಹೋಗದೆ ಅದು ಇಳಿಯುವ ತನಕ ಅಲ್ಲೇ ಇರುವುದು. ಮಾತ್ರೆಯ ಮಂಪರು ಪೂರ್ತಿ ಹೋಗಿದೆಯೇ ಎಂದು ಕೇಳಿ, ನೋಡಿ, ಆಮೇಲೆಯೇ ಒಪ್ಪಿಗೆ ಕೊಟ್ಟರು. ಓನರ್ ಅಣ್ಣನ ಜೊತೆ ಹೈಸ್ಕೂಲು ಓದಿದವನು. ನಿಜ ಸಂಗತಿ ಗೊತ್ತಿದ್ದ ಕೆಲವೇ ಜನರಲ್ಲಿ ಅವನೂ ಒಬ್ಬ. "ಬಾರ್ಲಾ, ನಿನ್ ಸೀಟು ಅಂಗೇ ಐತೆ" ಎಂದ. ಅಣ್ಣ ಮಾತ್ರ, "ಯಾರಿಗೋ ಕಲಿಸ್ತಾ ಇರುವಾಗ ನಂಗೆ ಅಂಗಾದ್ರೆ ಅವರ ಗತಿ?" ಎಂದು ಕೂತಲ್ಲೇ ಕೂತ.

ಆಗ ಅತ್ತಿಗೆಗೆ ನಾನು ನೆನಪಾದೆ.

ನಾನು ಹೊಳೆನರಸೀಪುರದ ಹೈಸ್ಕೂಲೊಂದರಲ್ಲಿ ಗಣಿತ ಹೇಳಿಕೊಡುವವಳು. ನಮ್ಮ ಯಜಮಾನರು ಕಾರು ತಂದು ವರ್ಷಗಳಾಗಿದ್ದರೂ ನಾನು ಅದರ ಸ್ಟೀರಿಂಗ್ ಮುಟ್ಟಿದವಳಲ್ಲ. ಡ್ರೈವಿಂಗ್ ಮೇಷ್ಟ್ರ ತಂಗಿಗೆ ಕಾರು ಬರುವುದಿಲ್ಲ ಎಂಬುದು ನಮ್ಮ ಮನೆತನದ ಹಳೇ ತಮಾಷೆ. ಬೇಸಿಗೆ ರಜೆ ಬಂದಿತ್ತು. "ನೀನು ಕಲಿಯಕ್ಕೆ ಬಾ. ನಿನಗೇನಾದ್ರೂ ಆದ್ರೆ ಮನೆಯವಳೇ, ಪರವಾಗಿಲ್ಲ" ಎಂದರು ಅತ್ತಿಗೆ. ಅವರು ಹೇಳಿದ್ದು ಧೈರ್ಯ ತುಂಬುವುದಕ್ಕೆ. ಕಲಿಯುವವರ ಲೈಸೆನ್ಸ್ ಮಾಡಿಸಿಕೊಂಡು, ಬಟ್ಟೆ ತುಂಬಿಕೊಂಡು ಚನ್ನರಾಯಪಟ್ಟಣಕ್ಕೆ ಹೋದೆ.

ಮೊದಲ ಪಾಠ ಮನೆಯ ಮುಂದೆ ನಿಂತ ಕಾರಿನಲ್ಲಿ ಸುಮ್ಮನೆ ಕೂರುವುದು. ಪಾಠ ನನಗಲ್ಲ, ಅವನಿಗೆ. ಮೂತಿಯ ಮೇಲೆ ಕೆಂಪು ಎಲ್ ಬರೆದ ಬಿಳೀ ಕಾರನ್ನು ಓನರ್ ತಂದು ನಿಲ್ಲಿಸಿ ಹೋಗಿದ್ದ. ಅಣ್ಣ ತನ್ನ ಸೀಟಿನಲ್ಲಿ ಕೂತು ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಉಸಿರು ಬಿಡುತ್ತಿದ್ದ. ನಾನು ಸ್ಟೀರಿಂಗ್ ಹಿಡಿದು ಮುಂದೆ ನೋಡುತ್ತಿದ್ದೆ. ಅಣ್ಣತಂಗಿ ಹೊರಟುನಿಂತ ಹಾಗೆಯೇ ಕಾಣುತ್ತಿತ್ತು. ಎದುರುಮನೆಯಾಕೆ ಬುಟ್ಟಿ ಹಿಡಿದು ಬಂದು ಹಿಂದಿನ ಬಾಗಿಲು ತೆಗೆದು ಕೂತೇ ಬಿಟ್ಟಳು. "ಬಸ್‌ಸ್ಟ್ಯಾಂಡ್ ತಾವ ಇಳಿಸ್ಬುಡಿ."

"ನಾವು ಎಲ್ಲಿಗೂ ಹೋಗ್ತಿಲ್ಲ" ಎಂದೆ.

"ಮತ್ತೆ ಯಾಕೆ ಕೂತಿದೀರಿ?"

ಅಣ್ಣ ನಿಧಾನವಾಗಿ, "ಸೀಟಿಗೆ ಬೆನ್ನು ಒಗ್ಗಿಸ್ತಾ ಇದೀನಿ" ಎಂದ. ಕಾಯಿಲೆ ಬಿದ್ದ ಮೇಲೆ ಅವನು ಆಡಿದ ಮೊದಲ ಸುಳ್ಳು. ಅತ್ತಿಗೆಗೆ ಹೇಳಿದಾಗ ಅವರು ಎರಡೂ ಕೈಯೆತ್ತಿ ದೇವರಿಗೆ ಮುಗಿದರು.

ಕೆಲವು ದಿನಗಳಲ್ಲಿ ಕಾರು ಊರಾಚೆಯ ಮೈದಾನ ಸೇರಿತು. ಅಲ್ಲಿ ಹೊಸ ಕಷ್ಟ ಶುರುವಾಯಿತು. ಅಣ್ಣ ಬೈಯುತ್ತಿರಲಿಲ್ಲ. ನಾನು ಬ್ರೇಕಿನ ಬದಲು ಆಕ್ಸಿಲರೇಟರ್ ಒತ್ತಿ ಮೇಯುತ್ತಿದ್ದ ಮೇಕೆಗಳನ್ನು ಚದುರಿಸಿದೆ. ಅವನು ಕಲಿಸುವವರ ಕಡೆಯೂ ಇರುವ ತನ್ನ ಕಾಲಡಿಯ ಬ್ರೇಕು ಒತ್ತಿ, "ಪರವಾಗಿಲ್ಲ" ಎಂದ. ಗೇರು ಹಾಕುವಾಗ ರಾಗಿ ಬೀಸಿದ ಸದ್ದು ಬಂತು. "ಪರವಾಗಿಲ್ಲ, ಆಗುತ್ತೆ" ಎಂದ. ಇಷ್ಟು ಮೃದುವಾಗಿ ಅವನು ನನ್ನ ಮದುವೆಯ ದಿನವೂ ಮಾತಾಡಿರಲಿಲ್ಲ. ನನಗೆ ಅಳು ಬರುವಂತಾಗುತ್ತಿತ್ತು. ಓನರ್ ಇನ್ನೊಂದು ತೆರ. ನಿಜ ಗೊತ್ತಿದ್ದೂ ಸೀಟಿಗೆ ಬೆನ್ನಿನ ದಿಂಬು ಕಟ್ಟಿಸಿದ್ದ. ಹಾರ್ನ್ ಮಾಡಬೇಡಿ ಎಂದಿದ್ದ. ಎದುರಾದ ಹಳೇ ಶಿಷ್ಯರಿಗೆಲ್ಲ, "ಅವ್ನನ್ನ ಒಸಿ ನಗಿಸ್ತಾ ಇರಿ" ಎಂದು ಹೇಳಿಬಿಟ್ಟಿದ್ದ. ಹಲ್ಲಿನ ಡಾಕ್ಟರು ಬೆಳಗಿನ ವಾಕಿಂಗ್ ನಿಲ್ಲಿಸಿ, ಕಾರಿನ ಕಿಟಕಿಯಲ್ಲಿ ತಲೆ ತೂರಿಸಿ, ಎಲ್ಲರಿಗೂ ಗೊತ್ತಿದ್ದ ಒಂದು ನಗೆಹನಿ ಹೇಳಿದರು. ಅಣ್ಣ ಮರ್ಯಾದೆಗೆ ನಕ್ಕ. ಅವರು ಮಾರನೆಯ ದಿನ ಅದನ್ನೇ ಮತ್ತೆ ಹೇಳಿದರು.

"ನಾನೇನು ಗಾಜಿನ ಬಳೆನಾ?" ಎಂದು ಅವತ್ತು ಊಟಕ್ಕೆ ಕೂತಾಗ ಅಣ್ಣ ಕೇಳಿದ. "ಎಲ್ರೂ ಹತ್ತಿಯಲ್ಲಿ ಸುತ್ತಿ ಇಡೋಕೆ ಬರ್ತಾರೆ." ಅತ್ತಿಗೆ, ನಾನು ಮುಖ ಮುಖ ನೋಡಿಕೊಂಡೆವು. ನಾವೂ ಹತ್ತಿ ಹಿಡಿದೇ ನಿಂತಿದ್ದೆವು.

ಎರಡನೆಯ ಶಿಷ್ಯರಾಗಿ ಬಂದವರು ಕಟ್ಟಾಯದ ಕಡೆಯ ಒಬ್ಬ ಗೌಡರು. ಬಿಳೀ ಮೀಸೆ, ಹೆಗಲ ಮೇಲೆ ಟವಲು, ಅರವತ್ತು ದಾಟಿದ ವಯಸ್ಸು. ಅವರಿಗೆ ಹತ್ತಿರದ ಊರು ಹಾಸನ. ಆದರೆ ಜೀವಮಾನವೆಲ್ಲ ಟ್ರ್ಯಾಕ್ಟರ್ ಓಡಿಸಿ, ಕಾರು ಏನು ಮಹಾ ಎಂದು ಊರಲ್ಲಿ ಹೇಳಿಕೊಂಡಿದ್ದವರು. ಹಾಸನದಲ್ಲಿ ಎಲ್ ಬೋರ್ಡಿನ ಕಾರಿನಲ್ಲಿ ಯಾರಾದರೂ ನೋಡಿದರೆ ಮರ್ಯಾದೆ ಹೋಗುತ್ತದೆಂದು, ಮಗಳ ಮನೆಯ ನೆಪದಲ್ಲಿ ಚನ್ನರಾಯಪಟ್ಟಣಕ್ಕೆ ಬಂದು ಗುಟ್ಟಾಗಿ ಕಲಿಯುತ್ತಿದ್ದರು. ಅಣ್ಣನನ್ನು ಮೇಷ್ಟ್ರೇ ಎನ್ನುತ್ತಿದ್ದರು, ನನ್ನನ್ನು ಮೇಡಮ್ಮೋರೇ.

ಗೌಡರಿಗೆ ಕ್ಲಚ್ಚು, ಗೇರು ಎಲ್ಲ ಬರುತ್ತಿತ್ತು. ಕಷ್ಟ ಬೇರೆ ಇತ್ತು. ಉಳುವಾಗ ಹಿಂದಿನ ನೇಗಿಲು ಸರಿಯಾಗಿ ಇಳಿದಿದೆಯೇ ಎಂದು ತಿರುಗಿ ತಿರುಗಿ ನೋಡುವ ಅಭ್ಯಾಸ ಅವರ ಕತ್ತಿಗೆ ಅಂಟಿಕೊಂಡಿತ್ತು. ಕಾರು ಮುಂದೆ ಹೋಗುತ್ತಿರುವಾಗ ಅವರು ಎಡಗೈಯನ್ನು ಸೀಟಿನ ಮೇಲೆ ಚಾಚಿ, ಪೂರ್ತಿ ಹಿಂದಕ್ಕೆ ತಿರುಗಿ, ಹಿಂದೆ ಕೂತ ನನ್ನನ್ನೇ ನೋಡುತ್ತಿದ್ದರು. ನಾನು ಗಾಬರಿಯಿಂದ ಮುಂದೆ ಕೈತೋರಿಸುತ್ತಿದ್ದೆ. "ನೀವೇನೂ ಎದರ್ಬೇಡಿ ಮೇಡಮ್ಮೋರೇ" ಎಂದು ಅವರು ಹಿಂದೆ ನೋಡಿಕೊಂಡೇ ಧೈರ್ಯ ಹೇಳುತ್ತಿದ್ದರು. ಅಣ್ಣ ತನ್ನ ಕಡೆಯಿಂದ ಸ್ಟೀರಿಂಗಿಗೆ ಒಂದು ಕೈ ಹಾಕಿ, "ಗೌಡ್ರೇ, ಈ ಗಾಡಿಗೆ ನೇಗಿಲಿಲ್ಲ" ಎಂದು ಮೆಲ್ಲಗೆ ಹೇಳುತ್ತಿದ್ದ. ಬೆನ್ನು ನೋವಿನ ಸುದ್ದಿ ಗೌಡರಿಗೂ ತಲುಪಿತ್ತು. ದಿನವೂ ಪಾಠ ಮುಗಿದ ಮೇಲೆ, "ಎಂಗೈತೆ ಸೊಂಟ?" ಎಂದು ವಿಚಾರಿಸುತ್ತಿದ್ದರು.

ಮೈದಾನ ಸಾಕು, ರಸ್ತೆಗೆ ಇಳಿಯೋಣ ಎಂದು ಹೇಳಿದವನು ಅಣ್ಣನೇ. ಯಾವ ರಸ್ತೆ ಎಂದು ನಾವು ಕೇಳಲಿಲ್ಲ. ಅವನೇ ಬೆಳಗೊಳದ ರಸ್ತೆ ತೋರಿಸಿದ. ಗೌಡರು ಓಡಿಸುತ್ತಿದ್ದರು, ನಾನು ಹಿಂದೆ. ತೆಂಗಿನ ತೋಟಗಳು ಸರಿದವು, ಹೊಲಗಳು ಬಂದವು. ಯಾತ್ರಿಕರು ತುಂಬಿದ್ದ ಒಂದು ದೊಡ್ಡ ಬಸ್ಸು ಉದ್ದಕ್ಕೆ ಹಾರ್ನ್ ಒತ್ತುತ್ತ ನಮ್ಮನ್ನು ಉಜ್ಜಿಕೊಂಡ ಹಾಗೆ ಮುಂದೆ ಹೋಯಿತು. ಅಣ್ಣನ ಕೈ ಬಾಗಿಲ ಹಿಡಿಯನ್ನು ಹಿಡಿದದ್ದು ಕಂಡೆ.

"ಸೈಡಿಗಾಕಿ ಗೌಡ್ರೇ" ಎಂದ.

ಗೌಡರು ರಸ್ತೆಯ ಅಂಚಿನಲ್ಲಿ ನಿಲ್ಲಿಸಲಿಲ್ಲ. ಅಭ್ಯಾಸಬಲದಿಂದ ಇಳಿಜಾರಿನಲ್ಲಿ ಇಳಿಸಿ ಹೊಲದೊಳಗೇ ನುಗ್ಗಿಸಿ, "ಹೋ... ಹೋ" ಎಂದು ನಿಲ್ಲಿಸಿದರು. ಅಣ್ಣ ಇಳಿದು ಬದುವಿನ ಮೇಲೆ ಕೂತ. ಬೆವರು ಇಳಿಯುತ್ತಿತ್ತು, ಎದೆ ಏರಿಳಿಯುತ್ತಿತ್ತು. ಏನೂ ಆಗಿಲ್ಲ ಎನ್ನಬೇಡಿ, ಪಕ್ಕದಲ್ಲಿರಿ, ನಿಧಾನವಾಗಿ ಉಸಿರಾಡಿಸಿ, ಅದು ತಾನಾಗಿ ಇಳಿಯುತ್ತದೆ ಎಂದು ಡಾಕ್ಟರು ಹೇಳಿದ್ದರು. ನಾನು ಪಕ್ಕದಲ್ಲಿ ಕೂತು ಎಣಿಸತೊಡಗಿದೆ. ಗಾಬರಿಯಲ್ಲಿ ನನ್ನ ದನಿ ತರಗತಿಯ ದನಿಯಾಗಿತ್ತು. "ಒಳಗೆ, ಒಂದು, ಎರಡು, ಮೂರು! ಹೊರಗೆ, ಒಂದು, ಎರಡು!" ದೂರದಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ಎದ್ದು ನಿಂತು ನೋಡಿದರು.

ಗೌಡರು ಸುಮ್ಮನೆ ನಿಲ್ಲುವವರಲ್ಲ. ಹೆಗಲ ಟವಲು ತೆಗೆದು ನೆಲದ ಮೇಲೆ ಹಾಸಿದರು. ಒಂದು ಚಪ್ಪಲಿ ಕಳಚಿದರು. "ಮೇಷ್ಟ್ರೇ, ಬೋರಲು ಮಲಿಕ್ಕಳಿ. ನಾನು ಬೆನ್ನು ತುಳಿತೀನಿ. ನಮ್ಮಪ್ಪಂಗೂ ನಾನೇ ತುಳೀತಿದ್ದೆ."

"ಬೆನ್ನಲ್ಲ ಗೌಡ್ರೇ" ಎಂದ ಅಣ್ಣ, ಎರಡು ಉಸಿರಿನ ನಡುವೆ.

"ನಾಚ್ಕೋಬೇಡಿ, ಮಲಿಕ್ಕಳಿ. ನಾನೇನ್ ಭಾರಿಲ್ಲ."

"ಬೆನ್ನಿಗೆ ಏನೂ ಆಗಿಲ್ಲ ಕಣ್ರೀ!" ಅಣ್ಣ ಕೂಗಿಯೇಬಿಟ್ಟ. "ಬೆನ್ನು ಚೆನ್ನಾಗೈತೆ. ಮನಸ್ಸಿಗೆ ಕಾಯ್ಲೆ. ಸುಮ್ ಸುಮ್ನೆ ಭಯ ಆಯ್ತದೆ, ಪ್ರಾಣ ಹೋದಂಗೆ ಆಯ್ತದೆ. ಹಾಸನದಲ್ಲಿ ಡಾಕ್ಟ್ರಿಗೆ ತೋರಿಸ್ತಿದೀನಿ. ಮಾತ್ರೆ ತಗೋತಿದೀನಿ."

ಗೌಡರು ಒಂದು ಕಾಲಲ್ಲಿ ಚಪ್ಪಲಿ, ಒಂದು ಕಾಲು ಬರಿದಾಗಿ ನಿಂತಿದ್ದರು. ಇನ್ನು ಇವರು ಬೇರೆ ಸ್ಕೂಲು ನೋಡಿಕೊಳ್ಳುತ್ತಾರೆ ಎಂದುಕೊಂಡೆ. ಅವರು ನಿಧಾನವಾಗಿ ಬಗ್ಗಿ ಚಪ್ಪಲಿ ಹಾಕಿಕೊಂಡರು. ಟವಲು ಕೊಡವಿದರು. ಅಣ್ಣನ ಆಚೆ ಪಕ್ಕದಲ್ಲಿ ಬದುವಿನ ಮೇಲೆ ಬಂದು ಕೂತರು.

"ನಮ್ಮನೆಯೋಳಿಗೂ ಆಗಿತ್ತು ಕಣ್ ಮೇಷ್ಟ್ರೇ" ಎಂದರು. "ಎರಡು ವರ್ಸ. ಒಲೆ ಮುಂದೆ ಕೂತ್ರೆ ಕೂತೇ ಇರೋಳು. ಅಳೋಳು. ಅದೇ ಹಾಸನದಲ್ಲೇ ತೋರಿಸಿದ್ದು. ಈಗ ಚೆಂದಾಗವ್ಳೆ."

ಅಣ್ಣ ತಲೆಯೆತ್ತಿ ನೋಡಿದ.

"ನಾವು ಮಂಡಿ ಅಂತಿದ್ವಿ" ಎಂದರು ಗೌಡರು.

ಅಣ್ಣ ಬೆವರು ಒರೆಸಿಕೊಳ್ಳುತ್ತ ಕೇಳಿದ: "ಮಂಡಿನೇ ಯಾಕೆ?"

"ಬೆನ್ನು ಅಷ್ಟೊತ್ಗಾಗ್ಲೇ ನಮ್ಮ ಅಣ್ಣಯ್ಯನ ಸೊಸೆಗೆ ಅಂದ್ಬುಟ್ಟಿದ್ರು. ಒಂದೇ ಮನೇಲಿ ಎರಡು ಬೆನ್ನು ಅಂದ್ರೆ ಜನ ನಂಬ್ತಾರಾ?"

ಅಣ್ಣ ನಕ್ಕ. ಹಲ್ಲಿನ ಡಾಕ್ಟರಿಗೆ ನಕ್ಕಂಥ ನಗುವಲ್ಲ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕ. ಗೌಡರೂ ನಕ್ಕರು. ನನ್ನ ಎಣಿಕೆ ಎಲ್ಲೋ ತಪ್ಪಿಹೋಗಿತ್ತು. ನಗುತ್ತ ನಗುತ್ತ ಅವನ ಉಸಿರು ಯಾವಾಗಲೋ ಸರಿಯಾಗಿತ್ತು. ವಾಪಸ್ ಹೋಗೋಣವೇ ಎಂದು ಕೇಳಿದೆ. ಅವನು ಬೇಡವೆಂದು, ಮುಂದೆ ಜಿನನಾಥಪುರದ ತನಕ ಹೋಗಿಬರೋಣ ಎಂದ. ಮೊದಲು ಕಾರನ್ನು ಹೊಲದಿಂದ ಮೇಲೆ ಹತ್ತಿಸಬೇಕಿತ್ತು. ಅದರಲ್ಲಿ ಗೌಡರಿಗೆ ಸಮಾನರಿಲ್ಲ. ಜಿನನಾಥಪುರದಲ್ಲಿ ಮರದ ನೆರಳಲ್ಲಿ ಕಾರು ನಿಲ್ಲಿಸಿ ಮೂವರೂ ಎಳನೀರು ಕುಡಿದೆವು. ಮಾತ್ರೆ ತಿಂದರೆ ಬಾಯಿ ಒಣಗುತ್ತದೆಯೇ, ಅವರ ಮನೆಯವರಿಗೂ ಹಾಗಾಗುತ್ತಿತ್ತೇ ಎಂದು ಅಣ್ಣ ಕೇಳುತ್ತಿದ್ದ. ಗೌಡರು ವಿವರವಾಗಿ ಹೇಳುತ್ತಿದ್ದರು. ಇಬ್ಬರು ರೈತರು ಗೊಬ್ಬರದ ವಿಷಯ ಮಾತಾಡಿದ ಹಾಗಿತ್ತು. ನನ್ನ ಕಡೆ ಅವರ ಗಮನವೇ ಇರಲಿಲ್ಲ. ನನಗೆ ಅದು ಬಹಳ ಹಿಡಿಸಿತು.

ಅವತ್ತಿನಿಂದ ಎಲ್ಲವೂ ನೆಟ್ಟಗಾಯಿತು ಎಂದರೆ ಸುಳ್ಳಾಗುತ್ತದೆ. ಮಾರನೆಯ ದಿನ ಅವನು ಕೆಲಸಕ್ಕೆ ಹೋಗಲಿಲ್ಲ, ಹಾಸಿಗೆಯಿಂದಲೇ ಏಳಲಿಲ್ಲ. ಗೆದ್ದ ಮಾರನೆಯ ದಿನ ಸುಸ್ತಾಗುವುದು ಸಹಜ, ಹಿಂದಕ್ಕೆ ಬಿದ್ದ ಹಾಗಲ್ಲ ಎಂದು ಡಾಕ್ಟರು ಫೋನಿನಲ್ಲಿ ಹೇಳಿದರು. ಓನರ್, "ನಾಳೆ ಬತ್ತೀಯೋ, ನಾಳಿದ್ದು ಬತ್ತೀಯೋ, ಅಷ್ಟು ಹೇಳ್ಲಾ ಸಾಕು" ಎಂದ. ಅಣ್ಣ ನಾಳಿದ್ದು ಹೋದ.

ರಜೆ ಮುಗಿಯುವ ಹೊತ್ತಿಗೆ ಅರಕಲಗೂಡಿನಲ್ಲಿ ಚಿಕ್ಕಪ್ಪನ ಮೊಮ್ಮಗುವಿನ ನಾಮಕರಣ ಬಂತು. ಅಣ್ಣ ಯಾವ ಸಮಾರಂಭಕ್ಕೂ ಹೋಗದೆ ಬಹಳ ಕಾಲವಾಗಿತ್ತು. "ಇವಳಿಗೆ ದೂರದ ಓಡಾಟ ಅಭ್ಯಾಸ ಆಗಬೇಕು, ಸ್ಕೂಲಿನ ಕಾರಲ್ಲೇ ಹೋಗೋಣ" ಎಂದು ಅವನೇ ಹೊರಡಿಸಿದ. ನಾನು ಓಡಿಸುವುದು, ಅವನು ಪಕ್ಕದಲ್ಲಿ, ಅತ್ತಿಗೆ ಹಿಂದೆ, ಮಗುವಿಗೆ ತಂದ ಬೆಳ್ಳಿ ಬಟ್ಟಲನ್ನು ಮಡಿಲಲ್ಲಿ ಇಟ್ಟುಕೊಂಡು. ಹೊಳೆನರಸೀಪುರದ ತನಕ ಚೆನ್ನಾಗಿಯೇ ಬಂದೆ. ನಮ್ಮ ಸ್ಕೂಲಿನ ಜವಾನ ರಸ್ತೆ ಬದಿಯಲ್ಲಿ ನಿಂತಿದ್ದವನು ನನ್ನನ್ನು ನೋಡಿ ಕೈಮುಗಿದ. ನಾನೂ ಸ್ಟೀರಿಂಗ್ ಬಿಟ್ಟು ಕೈಮುಗಿದೆ. "ಪರವಾಗಿಲ್ಲ" ಎಂದ ಅಣ್ಣ, ಸ್ಟೀರಿಂಗ್ ಹಿಡಿದು. ಅವನ ದನಿ ಸ್ವಲ್ಪ ಬಿಗಿಯಾಗಿತ್ತು.

ಊರು ದಾಟಿ ಅರಕಲಗೂಡಿನ ದಾರಿ ಹಿಡಿದ ಮೇಲೆ ಒಂದು ಏರು. ಅದರ ನಡುಮಧ್ಯದಲ್ಲಿ ಎಮ್ಮೆಗಳು ಅಡ್ಡ ಬಂದವು. ನಿಲ್ಲಿಸಿದೆ. ಎಮ್ಮೆಗಳು ಹೋದವು. ನಾನು ಹೋಗಲಿಲ್ಲ. ಕ್ಲಚ್ ಬಿಟ್ಟೆ, ಕಾರು ಹಾರಿ ಆಫಾಯಿತು. ಮತ್ತೆ ಸ್ಟಾರ್ಟ್ ಮಾಡಿದೆ, ಮತ್ತೆ ಆಫ್. ಹಿಂದೆ ಬಸ್ಸು ಬಂದು ನಿಂತಿತು. ಬಸ್ಸಿನ ಹಿಂದೆ ಹಾಲಿನ ಟೆಂಪೋ, ಅದರ ಹಿಂದೆ ಇನ್ನೇನೋ. ಎಲ್ಲವೂ ಹಾರ್ನ್ ಒತ್ತುತ್ತಿದ್ದವು. ಕಾರು ಮೆಲ್ಲಗೆ ಹಿಂದಕ್ಕೆ, ಬಸ್ಸಿನ ಮೂತಿಯ ಕಡೆ ಸರಿಯತೊಡಗಿತು. ಅಣ್ಣ ತನ್ನ ಬ್ರೇಕು ಒತ್ತಿದ. ನಾನು ಭಯದಲ್ಲಿ ವೈಪರ್ ಹಾಕಿದೆ. ಒಣ ಗಾಜಿನ ಮೇಲೆ ಅದು ಕಿರ್ರೋ ಎಂದು ಆಡತೊಡಗಿತು.

"ಲೇ! ಮಳೆ ಬತ್ತಾ ಐತಾ?" ಅಣ್ಣ ಗುಡುಗಿದ. "ಮಕ್ಕಳಿಗೆ ಲೆಕ್ಕ ಹೇಳ್ಕೊಡ್ತಾಳಂತೆ! ಎರಡು ಕಾಲು, ಮೂರು ಪೆಡಲು, ಈ ಲೆಕ್ಕ ಬರಲ್ವಾ ನಿಂಗೆ? ಹ್ಯಾಂಡ್‌ಬ್ರೇಕ್ ಎಳಿ! ಹಾಫ್ ಕ್ಲಚ್! ಹಾಫ್ ಅಂದೆ, ಅರ್ಧ ಅಂದ್ರೆ ಗೊತ್ತಾ ಗಣಿತದ ಮೇಷ್ಟ್ರಮ್ಮಾ? ಈಗ ಆಕ್ಸಿಲರೇಟರ್ ಕೊಡು. ಕೊಡೇ! ಏನು, ಸಂಬಂಧಿಕರಿಗೆ ಬಡಿಸೋ ತುಪ್ಪನಾ ಅದು, ಹನಿ ಹನಿ ಬಿಡೋಕೆ?"

ಕಾರು ಏರು ಹತ್ತಿತು. ಹಿಂದಿನ ಸೀಟಿನಿಂದ ಒಂದು ಬಿಕ್ಕು ಕೇಳಿಸಿತು. ಕನ್ನಡಿಯಲ್ಲಿ ನೋಡಿದರೆ ಅತ್ತಿಗೆ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತ ನಗುತ್ತಿದ್ದರು. ನನಗೂ ನಗು ತಡೆಯಲಾಗಲಿಲ್ಲ.

"ಬೈದ್ರೆ ನಗ್ತೀಯಲ್ಲೇ? ನಾಚ್ಕೆ ಇಲ್ವಾ?"

"ಇನ್ನೊಂದು ಸಲ ಬೈಯಣ್ಣ" ಎಂದೆ.

"ರಸ್ತೆ ನೋಡೇ ಮೊದ್ಲು!" ಎಂದ. ಅರಕಲಗೂಡಿನ ತನಕ ಬಾಯಿ ನಿಲ್ಲಿಸಲಿಲ್ಲ. ಇಂಡಿಕೇಟರಿಗೊಮ್ಮೆ, ಗುಂಡಿಗೊಮ್ಮೆ, ಎದುರು ಬಂದ ಸೈಕಲ್ಲಿನವನಿಗೊಮ್ಮೆ. ತಿಂಗಳುಗಟ್ಟಲೆ ಕೂಡಿಬಿದ್ದದ್ದೆಲ್ಲ ಒಂದೇ ಬೆಳಿಗ್ಗೆ ನನ್ನ ಪಾಲಿಗೆ ಬಂತು. ಅಷ್ಟು ಸುಖವಾಗಿ ನಾನು ಯಾವತ್ತೂ ಬೈಸಿಕೊಂಡಿಲ್ಲ.

ನಾಮಕರಣದ ಮನೆಯಲ್ಲಿ ಚಿಕ್ಕಪ್ಪ ಬಾಗಿಲಲ್ಲೇ ಹಿಡಿದುಕೊಂಡರು. "ಬಾಪ್ಪ, ಬಾ. ಎಂಗೈತೆ ಬೆನ್ನು?" ಸುತ್ತ ನೆಂಟರೆಲ್ಲ ಕಿವಿ ಕೊಟ್ಟು ನಿಂತಿದ್ದರು. ಅತ್ತಿಗೆ ಬಾಯಿ ತೆರೆಯುವಷ್ಟರಲ್ಲಿ ಅಣ್ಣ ಹೇಳಿದ: "ಬೆನ್ನು ಚೆನ್ನಾಗೈತೆ ಚಿಕ್ಕಪ್ಪ, ಅದಕ್ಕೇನೂ ಆಗಿರಲಿಲ್ಲ. ಮನಸ್ಸಿಗೆ ಉಷಾರಿರಲಿಲ್ಲ. ಈಗ ಔಷಧಿ ತಗೋತಾ, ಕೆಲಸಕ್ಕೂ ಹೋಗ್ತಾ ಇದೀನಿ."

ಚಿಕ್ಕಪ್ಪ ಗಲ್ಲ ಕೆರೆದುಕೊಂಡರು. ನೆಂಟರು ತೊಟ್ಟಿಲ ಕಡೆ ನೋಡಿದರು. ಬಹಳ ಯೋಚನೆ ಮಾಡಿ ಚಿಕ್ಕಪ್ಪ ಕೇಳಿದರು, "ಮತ್ತೆ ನಾನ್ ಕೊಟ್ಟ ಎಣ್ಣೆ?"

"ನಿಮ್ಮ ಸೊಸೆ ಬಾಗ್ಲಿಗೆ ಹಾಕಿದ್ಲು. ಕಿರ್ರ್ ಅನ್ನೋದು ನಿಂತೋಯ್ತು."

"ಒಳ್ಳೆ ಎಣ್ಣೆ ಕಣ್ಲಾ ಅದು" ಎಂದರು ಚಿಕ್ಕಪ್ಪ, ತುಸು ನೊಂದು. ಆಮೇಲೆ ಅವನ ಹೆಗಲ ಮೇಲೆ ಕೈಹಾಕಿ ಊಟಕ್ಕೆ ಕರೆದುಕೊಂಡು ಹೋದರು. ಎಲೆಯ ಮುಂದೆ ಕೂತಾಗ ಯಾರೋ ದೂರದ ನೆಂಟರು ಅಣ್ಣನ ಪಕ್ಕದ ಜಾಗ ಹುಡುಕಿಕೊಂಡು ಬಂದು ಕೂತು, ದನಿ ತಗ್ಗಿಸಿ, ಹಾಸನದಲ್ಲಿ ಆ ಡಾಕ್ಟರು ಕೂರುವುದು ಎಲ್ಲಿ ಎಂದು ಕೇಳಿದ್ದನ್ನು ನಾನು ಕಂಡೆ. ಅಣ್ಣ ಬಾಳೆಲೆಯ ಅಂಚಿನಲ್ಲಿ ಬೆರಳಿನಿಂದ ದಾರಿ ಬರೆದು ತೋರಿಸಿದ. ಅವರ ಮನೆಯಲ್ಲಿ ಯಾರಿಗೆ, ಏನೆಂದು ಅವನು ಕೇಳಲಿಲ್ಲ.

ಅಣ್ಣ ಈಗ ಪೂರ್ತಿ ಹೊತ್ತು ಕೆಲಸ ಮಾಡುತ್ತಾನೆ. ಮಾತ್ರೆ ಇನ್ನೂ ಇದೆ, ಪ್ರಮಾಣ ಕಮ್ಮಿಯಾಗಿದೆ. ಮಧ್ಯಾಹ್ನ ಸ್ವಲ್ಪ ಹೊತ್ತು ಯಾರೂ ಮಾತಾಡಿಸದ ಹಾಗೆ ಕಾರಿನಲ್ಲೇ ಕಣ್ಣುಮುಚ್ಚಿ ಕೂರಲು ಓನರ್ ಬಿಡುವು ಕೊಟ್ಟಿದ್ದಾನೆ. ನನಗೆ ಲೈಸೆನ್ಸ್ ಬಂತು. ಗೌಡರಿಗೂ ಬಂತು, ಟೆಸ್ಟಿನಲ್ಲಿ ರಿವರ್ಸ್ ತೆಗೆದದ್ದನ್ನು ನೋಡಿ ಎಲ್ಲರೂ ಮೆಚ್ಚಿದರಂತೆ.

ಕೆಲವು ದಿನ ಅಣ್ಣನಿಗೆ ಈಗಲೂ ಆಗುವುದಿಲ್ಲ. ಹೋದ ವಾರ ಬೆಳಿಗ್ಗೆ ನಾನು ಸ್ಕೂಲಿಗೆ ಹೊರಡುವ ಹೊತ್ತಿಗೆ ಅವನ ಫೋನ್ ಬಂತು. "ಇವತ್ತು ಯಾಕೋ ಒಳಗೆಲ್ಲ ನಡುಗ್ತಾ ಐತೆ ಕಣೇ. ಓನರ್‌ಗೆ ಹೇಳಿದೀನಿ, ಮನೇಲೇ ಇರ್ತೀನಿ" ಎಂದ. ಸರಿ ಎಂದೆ. ಊಟ ಮಾಡು ಎಂದೆ. ಮಧ್ಯಾಹ್ನ ಅವನೇ ಮತ್ತೆ ಮಾಡಿದ. ಡ್ರೈವಿಂಗ್ ಸ್ಕೂಲಿಗೆ ಯಾರೋ ಬ್ಯಾಂಕಿನಾಕೆ ಬಂದಿದ್ದಾರೆಂದು ಓನರ್ ಫೋನ್ ಮಾಡಿದ್ದನಂತೆ, ಮೊದಲ ದಿನದ ಪಾಠ, ಅವರು ಅವನಿಗಿಂತ ಹೆಚ್ಚು ನಡುಗುತ್ತಿದ್ದರಂತೆ. ಅದಕ್ಕೇ ಒಂದು ಕ್ಲಾಸು ಹೋಗಿಬಂದನಂತೆ.

"ಹೆಂಗಿತ್ತು?" ಎಂದು ಕೇಳಿದೆ.

"ಇಬ್ರೂ ಬದುಕಿದೀವಿ" ಎಂದ.